ಶ್ರೀರಂಗಪಟ್ಟಣದಿಂದ ಹಿಂತಿರುಗಿದವರು

1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಸಹಸ್ರಾರು ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿ ಅನೇಕರು ಮಡಿದರು. ಉಳಿದವರಲ್ಲಿ ಬಹುಮಂದಿ ಬಲಾತ್ಕಾರಕ್ಕೆ ಮಣಿದು ಧರ್ಮವನ್ನು ತೊರೆದರು. ಹದಿನೈದು ವರ್ಷಗಳ ಸೆರೆವಾಸದಲ್ಲಿ ಅವರ ಹೆಸರುಗಳೂ ಬದಲಾದವು.

1799ರ ಮೇ 4ರಂದು ಕೋಟೆಯು ಬಿದ್ದ ಬಳಿಕ ಫ್ರೆಂಚ್ ಮಿಷನರಿ ದುಬ್ವಾ ಸ್ವಾಮಿಗಳು ಅಲ್ಲಿಗೆ ಬಂದರು. ಸೆರೆಯವರಲ್ಲಿ ಒಬ್ಬರೂ ವಿಶ್ವಾಸಕ್ಕಾಗಿ ಎದೆಯೊಡ್ಡಲಿಲ್ಲವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಕಟುವಾಗಿ ಬರೆದರು. ಆದರೂ ಮರಳಿ ಬಂದವರಿಗೆ ಬಾಗಿಲು ಮುಚ್ಚಲಿಲ್ಲ; ಅವರನ್ನು ಧರ್ಮಸಭೆಯ ಮಡಿಲಿಗೆ ಸೇರಿಸಿಕೊಂಡರು. ಅನೇಕರು ಕರಾವಳಿಗೆ ಹಿಂತಿರುಗಿದರು. ನೆಲಸಮವಾಗಿದ್ದ ದೇವಾಲಯಗಳು ಪುನಃ ಎದ್ದವು.

ಪೇತ್ರನ ಕಣ್ಣೀರನ್ನು ಕಂಡ ಪ್ರಭುವು ಇವರ ಕಣ್ಣೀರನ್ನೂ ಕಂಡನು. ಪೂರ್ವಜರ ಧೈರ್ಯವನ್ನು ಕೊಂಡಾಡುವ ಈ ಶತಮಾನೋತ್ಸವದಲ್ಲಿ ಬಿದ್ದು ಎದ್ದವರನ್ನೂ ಸ್ಮರಿಸೋಣ. ದೂರವಾದವರಿಗೆ ನಮ್ಮ ದೇವಾಲಯದ ಬಾಗಿಲೂ ತೆರೆದಿರಲಿ.