ಪದ ಪರಿಚಯ: ಶೂ

ಬ್ಲ್ಯಾಕ್‌ಜಾಕ್ ಮೇಜಿನ ಮೇಲೆ ಕಲಸಿದ ಇಸ್ಪೀಟೆಲೆಗಳನ್ನು ತುಂಬಿಟ್ಟು ಒಂದೊಂದೇ ಎಲೆ ಜಾರಿಸುವ ಪೆಟ್ಟಿಗೆಗೆ ಕ್ಯಾಸಿನೋದವರು ಇಟ್ಟ ಹೆಸರು ‘ಶೂ’. ಫ್ರೆಂಚರಲ್ಲಿ ಅದು ‘ಸಾಬೊ’, ಅಂದರೆ ಮರದ ಪಾದರಕ್ಷೆ. ಇಳಿಜಾರಿನ ಆ ಆಕಾರ ನೋಡಿದವರಿಗೆ ಹೆಸರು ಎಷ್ಟು ಸಹಜವೆಂದು ತಿಳಿಯುತ್ತದೆ.

1962ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ‘ಬೀಟ್ ದ ಡೀಲರ್’ ಬರೆದು ಎಲೆ ಎಣಿಸುವ ವಿದ್ಯೆಯನ್ನು ಬಯಲಿಗಿಟ್ಟ ಮೇಲೆ ಎಣಿಕೆ ಕಷ್ಟವಾಗಲೆಂದು ಹಲವು ಕಟ್ಟುಗಳ ಶೂ ಬಳಕೆ ಹೆಚ್ಚಿತು. ಆರು ಕಟ್ಟಿಗೆ 312 ಎಲೆ! ಎಣಿಸುವವರು ಅಷ್ಟನ್ನೂ ನೆನಪಿಡಬೇಕಿಲ್ಲ. 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡಿಸು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಮೊತ್ತ ಆರಾಗಿ, ಶೂನಲ್ಲಿ ಮೂರು ಕಟ್ಟು ಉಳಿದಿದ್ದರೆ ಆರನ್ನು ಮೂರರಿಂದ ಭಾಗಿಸಿ ನಿಜವಾದ ಲೆಕ್ಕ ಎರಡು. ಅಂದರೆ ಉಳಿದದ್ದರಲ್ಲಿ ದೊಡ್ಡ ಎಲೆಗಳೇ ಹೆಚ್ಚು. ಪಣ ಏರಿಸುವುದು ಆಗಲೇ. ಎಲೆಗಳನ್ನು ಸತತವಾಗಿ ಕಲಸುವ ಯಂತ್ರವಿರುವ ಮೇಜಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ.