ಕಾಲಿಲ್ಲದ ಓಟಗಾರ



ಈ ಸಲದ ವಿಷಯ ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಕಂಪ್ಯೂಟರ್ ಆಟವೆಂದರೆ ಮೂಗು ಮುರಿಯುತ್ತಿದ್ದ ಮೇಷ್ಟ್ರು ಅದರ ಚರಿತ್ರೆಯನ್ನೇ ಬರೆಯಲು ಕುಳಿತಿದ್ದಾರೆ ಎಂದು ದೇವದುರ್ಗದ ಹಳೆಯ ಹುಡುಗರಿಗೆ ಆಶ್ಚರ್ಯವಾದರೆ ಅದು ಸಹಜವೇ. ಕಾರಣವನ್ನು ಮುಂದೆ ಹೇಳುತ್ತೇನೆ.

2025ರ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗ ರಾಯಚೂರಿಗೆ ಬಂದಿದ್ದ. ನಮ್ಮೂರ ಬಿಸಿಲನ್ನು ನಿಮಗೆ ವಿವರಿಸಬೇಕಾಗಿಲ್ಲ. ಹೊರಗೆ ಕಾಲಿಡುವಂತಿರಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ‘ಹಾಫ್-ಲೈಫ್ 2’ ಎಂಬ ಆಟವನ್ನು ತೆರೆದು ನನ್ನ ಕೈಗೆ ಮೌಸ್ ಕೊಟ್ಟ. 2004ರಲ್ಲಿ ಬಂದ ಆಟವದು. ಇಪ್ಪತ್ತು ವರ್ಷ ತುಂಬಿದಾಗ ಕೆಲವು ದಿನ ಉಚಿತವಾಗಿ ಹಂಚಿದ್ದರಂತೆ. ಆಟಗಾರನ ಕಣ್ಣಿನಿಂದಲೇ ಲೋಕವನ್ನು ತೋರಿಸುವ ಈ ಬಗೆಯನ್ನು ‘ಫಸ್ಟ್ ಪರ್ಸನ್’ ಎನ್ನುತ್ತಾರೆ. ನಮ್ಮ ವ್ಯಾಕರಣದ ಮಾತಿನಲ್ಲಿ ಉತ್ತಮ ಪುರುಷದ ಆಟ. ಆಟದೊಳಗಿನ ಮೆಟ್ಟಿಲು ಇಳಿಯುವಾಗ ನಾನು ಅಭ್ಯಾಸಬಲದಿಂದ ಕೆಳಗೆ ನೋಡಿದೆ. ಮೊಣಕಾಲು ನೋವು ಬಂದಂದಿನಿಂದ ನೋಡದೆ ನಾನು ಮೆಟ್ಟಿಲು ಇಳಿಯುವುದಿಲ್ಲ. ಅಲ್ಲಿ ನನಗೆ ಕಾಲುಗಳೇ ಇರಲಿಲ್ಲ! ಹೆಜ್ಜೆಯ ಸಪ್ಪಳ ಮಾತ್ರ ಕೇಳುತ್ತಿತ್ತು.

“ಅದು ಹಾಗೇ ತಾತ, ನೀವು ಬರೀ ಕ್ಯಾಮೆರಾ” ಎಂದ ಮೊಮ್ಮಗ.

ಆ ಉತ್ತರದಿಂದ ನನಗೆ ಸಮಾಧಾನವಾಗಲಿಲ್ಲ. ಮುಂದಿನ ಎರಡು ತಿಂಗಳು ಈ ಆಟಗಳ ಹಿಂದಿನ ಕಥೆಯನ್ನು ಓದಿದೆ. ಅರ್ಥವಾಗದ್ದನ್ನು ಅವನಿಂದ ಫೋನಿನಲ್ಲಿ ಕೇಳಿ ತಿಳಿದುಕೊಂಡೆ.

ಈ ಬಗೆಯ ಆಟಗಳನ್ನು ಮನೆಮಾತಾಗಿಸಿದ್ದು 1993ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಹೊರತಂದ ‘ಡೂಮ್’. ಅದರಲ್ಲಿ ಆಟಗಾರನಿಗೆ ತನ್ನ ಕೈ ಮತ್ತು ಬಂದೂಕು ಕಾಣುತ್ತವೆ. ಪರದೆಯ ಕೆಳಪಟ್ಟಿಯಲ್ಲಿ ಅವನದೇ ಮುಖದ ಚಿಕ್ಕ ಚಿತ್ರವಿದ್ದು, ಪೆಟ್ಟು ಬಿದ್ದಂತೆಲ್ಲ ಅದು ರಕ್ತಸಿಕ್ತವಾಗುತ್ತದೆ. ಉಳಿದ ದೇಹ ಕಾಣುವುದಿಲ್ಲ. ಕಾಣದಿದ್ದರೂ ಲೆಕ್ಕದಲ್ಲಿ ದೇಹವಿತ್ತು: ಅಗಲ 32, ಎತ್ತರ 56 ಮಾನಗಳ ಒಂದು ಪೆಟ್ಟಿಗೆ. ಕಣ್ಣು ಇದ್ದದ್ದು 41ನೆಯ ಮಾನದಲ್ಲಿ. ಐದೂವರೆ ಅಡಿ ಎತ್ತರದ ಮನುಷ್ಯನಿಗೆ ಈ ಪ್ರಮಾಣವನ್ನು ಅನ್ವಯಿಸಿದರೆ ಕಣ್ಣು ನಾಲ್ಕು ಅಡಿಗೆ, ಅಂದರೆ ಸುಮಾರು ಎದೆಯ ಮೇಲೆ ಬರುತ್ತದೆ! ಇನ್ನೊಂದು ವಿಚಿತ್ರವೂ ಉಂಟು. ಒಬ್ಬರಿಗೊಬ್ಬರು ಡಿಕ್ಕಿಯಾಗುವ ಪ್ರಶ್ನೆ ಬಂದಾಗ ಅಲ್ಲಿನ ಪ್ರತಿ ಜೀವಿಯ ಎತ್ತರವೂ ಅನಂತ. ಹೀಗಾಗಿ ತಲೆಯ ಮೇಲೆ ಬಹು ಎತ್ತರದಲ್ಲಿ ತೇಲುವ ರಾಕ್ಷಸನ ಅಡಿಯಲ್ಲಿ ನುಸುಳಿ ಹೋಗಲಾಗದು; ಕಾಣದ ಗೋಡೆ ತಡೆಯುತ್ತದೆ. ಅಂದಿನ ಯಂತ್ರಗಳ ಶಕ್ತಿ ಅಲ್ಪ, ಲೆಕ್ಕ ಉಳಿಸಲು ಇಂಥ ಅಡ್ಡದಾರಿಗಳು ಬೇಕಿದ್ದವು.

ಈಗ ದೇವದುರ್ಗಕ್ಕೆ ಬರುತ್ತೇನೆ. 2000ನೆಯ ಇಸವಿಯ ಆಸುಪಾಸು. ಊರಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರವೊಂದಿತ್ತು. ಕರೆಂಟು ಇದ್ದಾಗ ಪಾಠ, ಪಾಠ ಮುಗಿದ ಮೇಲೆ ಹುಡುಗರಿಗೆ ಆಟ. ಯಂತ್ರಗಳು ಹಳೆಯವಾದ್ದರಿಂದ ಅವುಗಳಲ್ಲಿ ನಡೆಯುತ್ತಿದ್ದುದು ಡೂಮ್. ನಾನು ಒಂಬತ್ತನೆಯ ತರಗತಿಗೆ ಸದಿಶಗಳ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ ಕೃಷ್ಣೆಯನ್ನೂ ಹರಿಗೋಲನ್ನೂ ಬರೆದಿದ್ದೆ; ನನ್ನ ಕೈಯಲ್ಲಿ ಕಲಿತವರೆಲ್ಲ ಆ ಹರಿಗೋಲನ್ನು ಬಲ್ಲಿರಿ. ಅಂಬಿಗನು ಆಚೆ ದಡದತ್ತ ನೇರವಾಗಿ ಹುಟ್ಟು ಹಾಕುತ್ತಾನೆ, ಹೊಳೆ ಅವನನ್ನು ಬದಿಗೆ ಸೆಳೆಯುತ್ತದೆ, ಎರಡೂ ಕೂಡಿ ಹರಿಗೋಲು ಓರೆಯಾಗಿ, ಎರಡಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಸಾಗುತ್ತದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಡೂಮ್ ಆಟದಾಗ ಮುಂದಿನ ಗುಂಡಿ, ಬಾಜೂಕಿನ ಗುಂಡಿ ಎರಡೂ ಒತ್ತಿದ್ರ ಸೀದಾ ಓಡೋದಕ್ಕಿಂತ ಜೋರ ಓಡ್ತೀವಿ. ಯಾಕ ಸರ್?”

ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಪಾಠದ ನಡುವೆ ಆಟದ ಮಾತೇ ಎಂದು ಗದರಿ ಅವನನ್ನು ಹೊರಗೆ ನಿಲ್ಲಿಸಿದೆ. ತಂದೆಯನ್ನು ಕರೆಸಿ, ಮಗ ಕೇಂದ್ರದಲ್ಲಿ ಹಣ ಹಾಳುಮಾಡುತ್ತಿದ್ದಾನೆ ಎಂದೂ ಹೇಳಿದೆ. ಆಮೇಲೆ ಆ ಹುಡುಗ ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ ನೆನಪಿಲ್ಲ. ಕೆಲವು ವರ್ಷಗಳ ನಂತರ ನನಗೆ ಮಾನ್ವಿಗೆ ವರ್ಗವಾಯಿತು.

ಡೂಮ್ ಆಟದ ಮೂಲ ಸಂಕೇತವನ್ನು ಅದರ ಸಂಸ್ಥೆಯೇ 1997ರ ಡಿಸೆಂಬರಿನಲ್ಲಿ ಸಾರ್ವಜನಿಕಗೊಳಿಸಿತ್ತು. ಮೊಮ್ಮಗ ಅದರ ಒಂದು ಪುಟವನ್ನು ನನಗೆ ತೋರಿಸಿದ. ಓಡುವಾಗ ಮುಂದಕ್ಕೆ ಒದಗುವ ನೂಕು 50, ಬದಿಗೆ 40. ಎರಡನ್ನೂ ಒತ್ತಿದರೆ ಯಂತ್ರ ಎರಡನ್ನೂ ಕೊಡುತ್ತದೆ. ಒಟ್ಟು ಮಿತಿ ಮೀರಿತೇ ಎಂದು ನೋಡುವುದಿಲ್ಲ. ಅಷ್ಟೇ. ಹುಟ್ಟಿನ ಬದಲು ಒಂದು ಗುಂಡಿ, ಹೊಳೆಯ ಬದಲು ಇನ್ನೊಂದು ಗುಂಡಿ.

1996ರ ‘ಕ್ವೇಕ್’ ಆಟದಲ್ಲಿಯೂ ಇದೇ ಜಾತಿಯ ಲೋಪವಿತ್ತು. ಗಾಳಿಯಲ್ಲಿರುವಾಗ ಆಟಗಾರ ಹೋಗಬಯಸುವ ದಿಕ್ಕಿನಲ್ಲಿ ಅವನ ವೇಗದ ಘಟಕ ಎಷ್ಟಿದೆ ಎಂಬುದನ್ನಷ್ಟೇ ಅದು ಪರೀಕ್ಷಿಸುತ್ತಿತ್ತು, ಒಟ್ಟು ವೇಗವನ್ನಲ್ಲ. ಆದ್ದರಿಂದ ಮೊಲದಂತೆ ನೆಗೆಯುತ್ತ, ನೆಗೆದಾಗಲೆಲ್ಲ ಓರೆಯಾಗಿ ತಿರುಗುತ್ತ ಹೋದವನ ವೇಗ ಏರುತ್ತಲೇ ಇತ್ತು. ತನ್ನ ಕಾಲಬುಡಕ್ಕೆ ತಾನೇ ರಾಕೆಟ್ ಹಾರಿಸಿ, ಸ್ಫೋಟದ ನೂಕಿನಿಂದ ಎತ್ತರದ ಕಟ್ಟೆ ಏರುವುದನ್ನೂ ಹುಡುಗರು ಅಲ್ಲಿ ರೂಢಿಮಾಡಿಕೊಂಡರು. ದೇಹ ಕಾಣದಿದ್ದರೇನು, ನೂಕಿದರೆ ಹಾರುತ್ತಿತ್ತು.

ದೇಹವನ್ನು ನಿಜವಾಗಿ ತೋರಿಸಹೊರಟ ಸಾಹಸ 1998ರ ‘ಟ್ರೆಸ್‌ಪಾಸರ್’. ಜುರಾಸಿಕ್ ಪಾರ್ಕ್ ಚಿತ್ರಗಳ ಕಥೆಯನ್ನು ಮುಂದುವರಿಸಿದ ಆಟ. ಅದರ ಮುಖ್ಯ ನಿರ್ಮಾತೃ ಸೀಮಸ್ ಬ್ಲ್ಯಾಕ್ಲಿ ಭೌತವಿಜ್ಞಾನ ಓದಿದವನು. ಆಟದ ಎಲ್ಲ ವಸ್ತುಗಳೂ ಚಲನೆಯ ನಿಯಮಗಳಿಗೆ ಅನುಸಾರವಾಗಿಯೇ ಬೀಳಬೇಕು, ಉರುಳಬೇಕು ಎಂಬುದು ಅವನ ಹಟ. ನಾಯಕಿ ಆ್ಯನ್ ಕೆಳಗೆ ನೋಡಿದರೆ ಎದೆಯ ಮೇಲೊಂದು ಹೃದಯದ ಹಚ್ಚೆ; ಪ್ರಾಣ ಎಷ್ಟು ಉಳಿದಿದೆ ಎಂಬುದನ್ನು ಅದರಿಂದ ತಿಳಿಯಬೇಕು. ಬೇರೆ ಅಂಕಿ ಪಟ್ಟಿಗಳಿಲ್ಲ. ಮುಂದೆ ಚಾಚುವ ಒಂದೇ ಕೈ, ಅದನ್ನು ಮೌಸ್‌ನಿಂದ ಆಡಿಸಬೇಕು. ಕಲ್ಪನೆ ದೊಡ್ಡದು, ಫಲಿತಾಂಶ ನಗೆಪಾಟಲು. ಕೈ ಮೂಳೆಯಿಲ್ಲದಂತೆ ತಿರುಚಿಕೊಳ್ಳುತ್ತಿತ್ತು, ಪೆಟ್ಟಿಗೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು, ಡೈನೋಸಾರ್‌ಗಳು ಹೆಂಡ ಕುಡಿದಂತೆ ತೂರಾಡುತ್ತಿದ್ದವು. ವಿಮರ್ಶಕರು ಹರಿದು ಹಾಕಿದರು, ಆಟ ಸೋತಿತು. ಬ್ಲ್ಯಾಕ್ಲಿ ಮುಂದೆ ಮೈಕ್ರೋಸಾಫ್ಟ್ ಸೇರಿ ಎಕ್ಸ್‌ಬಾಕ್ಸ್ ಯಂತ್ರದ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬನಾದ. ಈ ಸೋತ ಆಟದ ಮೇಲೆ ನನಗೆ ಮೋಹ ಹುಟ್ಟಿದೆ. ತಪ್ಪು ಉತ್ತರ ಬರೆದರೂ ಪ್ರಶ್ನೆಯನ್ನು ಸರಿಯಾಗಿ ಹಿಡಿದ ವಿದ್ಯಾರ್ಥಿಯಂತೆ ಅದು ಕಾಣುತ್ತದೆ. ನಾನಾಗಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ.

ಹಾಫ್-ಲೈಫ್ 2 ಹೊತ್ತಿಗೆ ವಸ್ತುಗಳ ನಡವಳಿಕೆ ಸುಧಾರಿಸಿತ್ತು. ಹಲಗೆಯ ಒಂದು ತುದಿಗೆ ಕಾಂಕ್ರೀಟ್ ಇಟ್ಟಿಗೆಗಳನ್ನು ಪೇರಿಸಿ ಇನ್ನೊಂದು ತುದಿಯಿಂದ ಮೇಲೇರುವ ಘಟ್ಟವನ್ನು ಮೊಮ್ಮಗನಿಗಿಂತ ಮೊದಲು ನಾನು ಬಿಡಿಸಿದೆ. ಸನ್ನೆಕೋಲಿನ ಪಾಠವನ್ನು ಮೂವತ್ತು ವರ್ಷ ಮಾಡಿದವನಲ್ಲವೇ! ಆದರೆ ಅದರಲ್ಲಿಯೂ ಲೋಪವುಂಟು. ಕೈಯಲ್ಲಿ ಹಿಡಿದ ವಸ್ತುವಿನ ಮೇಲೆ ತಾನೇ ನಿಂತು ನೆಗೆಯುತ್ತ ಆಕಾಶಕ್ಕೇರುವ ಉಪಾಯವನ್ನು ಚತುರರು ಕಂಡುಹಿಡಿದಿದ್ದಾರೆ. ತಾನು ಕುಳಿತ ಬುಟ್ಟಿಯನ್ನು ತಾನೇ ಎತ್ತಿದಂತೆ. ನ್ಯೂಟನ್ನನ ಮೂರನೆಯ ನಿಯಮ ಅಲ್ಲಿ ಕಣ್ಣುಮುಚ್ಚಿಕೊಂಡಿದೆ.

ಕಾಲು ತೋರಿಸುವುದೇಕೆ ಕಷ್ಟ? ಕಾಣುವ ಕೈ ಮತ್ತು ಬಂದೂಕು ಸಾಮಾನ್ಯವಾಗಿ ಬೇರೆಯಾಗಿ ಬರೆದು ಮುಂದೆ ಅಂಟಿಸಿದ ಚಿತ್ರ. ಪೂರ್ಣ ದೇಹ ಕೊಟ್ಟರೆ ಪಾದಗಳು ಪ್ರತಿ ಮೆಟ್ಟಿಲಿಗೂ ಸರಿಯಾಗಿ ಕೂಡಬೇಕು. ಕಣ್ಣನ್ನು ದೇಹದ ತಲೆಗೇ ಕಟ್ಟಿದರೆ ನಡಿಗೆಯ ಕುಲುಕಾಟಕ್ಕೆ ನೋಡುವವನ ತಲೆ ತಿರುಗುತ್ತದೆ. 2008ರ ‘ಮಿರರ್ಸ್ ಎಡ್ಜ್’ ಆಟದಲ್ಲಿ ಛಾವಣಿಯಿಂದ ಛಾವಣಿಗೆ ಹಾರುವ ಹುಡುಗಿಯ ಕೈಕಾಲುಗಳು ಕಾಣುತ್ತವೆ. ಅಲ್ಲಿ ತಲೆಸುತ್ತು ತಡೆಯಲು ಪರದೆಯ ನಡುವೆ ಒಂದು ಚುಕ್ಕಿ ಇಟ್ಟರಂತೆ. ಕಥಕ್ ನೃತ್ಯದವರು ಸುತ್ತುವಾಗ ಒಂದೇ ಬಿಂದುವಿನ ಮೇಲೆ ದೃಷ್ಟಿ ನೆಡುವುದು ನೆನಪಾಯಿತು.

2004ರಲ್ಲಿಯೇ ‘ರಿಡಿಕ್’ ಎಂಬ ಆಟದಲ್ಲಿ ನಾಯಕನ ದೇಹವನ್ನು ತೋರಿಸಿದ್ದ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಗೂ ನಮ್ಮ ನಾಡಿಗೂ ಒಂದು ನಂಟುಂಟು. ಭಾರತದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದಾದ, ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್‌ನ ಬಹುಪಾಲನ್ನು ಕೊಂಡವರು ಈ ಸ್ಟಾರ್‌ಬ್ರೀಜ್‌ನವರೇ. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಪರದೇಶದ ಆಟಗಳ ಕಾರುಗಳನ್ನೂ ಚಿತ್ರಗಳನ್ನೂ ರೂಪಿಸುವ ಕೆಲಸ ನಮ್ಮ ಹುಡುಗರಿಗೆ ಅನ್ನ ಕೊಟ್ಟಿದೆ. ತರಗತಿಯ ಹೊರಗೆ ನಿಲ್ಲಿಸಿದಾಗ ನಾನು ಇದನ್ನು ಊಹಿಸಿರಲಿಲ್ಲ.

ಆ ಹುಡುಗ ಈಗ ನಲವತ್ತರ ಹತ್ತಿರದಲ್ಲಿರಬೇಕು. ಎಲ್ಲಿದ್ದಾನೋ ತಿಳಿಯದು. ಅವನ ಓರಗೆಯವರು ಇದನ್ನು ಓದಿದರೆ ದಯವಿಟ್ಟು ಅವನಿಗೆ ಮುಟ್ಟಿಸಿ. ಅಪ್ಪಾ, ನಿನ್ನ ಪ್ರಶ್ನೆಗೆ ಉತ್ತರ ಇದು: 50ರ ವರ್ಗ 2500, 40ರ ವರ್ಗ 1600, ಕೂಡಿದರೆ 4100, ಅದರ ವರ್ಗಮೂಲ 64ಕ್ಕೆ ಕೂದಲೆಳೆಯಷ್ಟು ಹೆಚ್ಚು. ಸೀದಾ ಓಡುವುದಕ್ಕಿಂತ ನೂರಕ್ಕೆ 28ರಷ್ಟು ಜೋರು. ನೀನು ಕಂಡದ್ದು ಸರಿಯಾಗಿತ್ತು.