ಕವಿತೆ ಮತ್ತು ಕಂಠ

ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಕೃಷ್ಣರಾಜಪುರಕ್ಕೆ ಮುನ್ನ ದೂರವಾಣಿನಗರ ಸಿಗುತ್ತದೆ. 1948ರಲ್ಲಿ ಆರಂಭವಾದ, ಐ.ಟಿ.ಐ. ಎಂದೇ ಮನೆಮಾತಾದ ಟೆಲಿಫೋನ್ ಕಾರ್ಖಾನೆಯ ಊರು ಅದು. ಅದರಾಚೆ ಇಂದು ವೈಟ್‌ಫೀಲ್ಡಿನ ಗಾಜಿನ ಸೌಧಗಳು. ದೂರದ ದನಿಯನ್ನು ಹತ್ತಿರಕ್ಕೆ ತರುವ ಉಪಕರಣಗಳು ಸಿದ್ಧವಾಗುತ್ತಿದ್ದ ಆ ಕಾರ್ಖಾನೆಯಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದ ಅಧಿಕಾರಿಯೊಬ್ಬರ ದನಿ ಕನ್ನಡನಾಡನ್ನೆಲ್ಲ ಮುಟ್ಟಿತು. ಅವರೇ ಸಿ. ಅಶ್ವಥ್.

ಕವಿತೆಯನ್ನು ಜನರೆದುರು ಹಾಡುವ ಪರಿಪಾಠ ಅವರಿಂದ ಮೊದಲಾದುದಲ್ಲ. ಪಿ. ಕಾಳಿಂಗರಾಯರು ಆ ದಾರಿ ತೆರೆದಿದ್ದರು. 1978ರಲ್ಲಿ ಬಂದ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಧ್ವನಿಸುರುಳಿ ಭಾವಗೀತೆಯನ್ನು ಮನೆಮನೆಗೆ ಒಯ್ದಿತ್ತು. ಹಿಂದುಸ್ತಾನಿ ಸಂಗೀತದ ಶಿಕ್ಷಣ ಪಡೆದು, 1977ರ 'ಕಾಕನಕೋಟೆ' ಚಿತ್ರಕ್ಕೆ ಸಂಗೀತ ನೀಡಿದ ಅಶ್ವಥ್ ಅದಕ್ಕೆ ಮತ್ತೊಂದನ್ನು ಕೂಡಿಸಿದರು: ತಾರಸ್ಥಾಯಿಗೆ ಅಂಜದ ಕಂಠ, ದೊಡ್ಡ ವಾದ್ಯವೃಂದ, ಸಭೆಯನ್ನೇ ಎಬ್ಬಿಸಿ ನಿಲ್ಲಿಸುವ ಆವೇಶ. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ನೆರೆದ ಜನಸ್ತೋಮವನ್ನು ನೆನೆದರೆ, ಕವಿತೆಗೆ ಇಷ್ಟು ಜನವೇ ಎಂದು ಈಗಲೂ ಬೆರಗಾಗುತ್ತದೆ.

ಆದರೆ ಆಕ್ಷೇಪಗಳೂ ಇದ್ದುವು. ಭಾವಗೀತೆ ಏಕಾಂತದ ಪಿಸುಮಾತು. ಅದನ್ನು ಕೂಗಿ ಹೇಳಬಹುದೆ? ವಾದ್ಯಗಳ ಅಬ್ಬರದಲ್ಲಿ ಶಬ್ದದ ಸೂಕ್ಷ್ಮ ಮುಳುಗಿ ಹೋಗದೆ? ಜನ ಕವಿಯನ್ನು ಮರೆತು ಗಾಯಕನನ್ನು ಮೆರೆಸಿದರೆ ಲಾಭ ಯಾರಿಗೆ? ಹೀಗೆ ಕೇಳುತ್ತಿದ್ದವರ ಸಾಲಿನಲ್ಲಿ ನಾನೂ ಇದ್ದೆ.

ಒಮ್ಮೆ ಪೀಣ್ಯದ ಸಣ್ಣ ಕಾರ್ಖಾನೆಯೊಂದರ ರಾಜ್ಯೋತ್ಸವಕ್ಕೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಭಾಷಣ ಮುಗಿದ ಮೇಲೆ ಲೇತ್ ಯಂತ್ರದ ಕೆಲಸಗಾರನೊಬ್ಬ, ಶಿಶುನಾಳ ಷರೀಫರ ಸೋರುವ ಮಾಳಿಗೆಯ ಪದವನ್ನು ಅಶ್ವಥ್ ಧಾಟಿಯಲ್ಲೇ ಹಾಡಿದ. ಯಾರ ರಚನೆ ಎಂದು ಕೇಳಿದೆ. "ಅಶ್ವಥ್ ಅವರದು ಸಾರ್" ಎಂದ. ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತೆಂದು ಒಳಗೇ ಹಿಗ್ಗಿದೆ. ಬಿಡದೆ ಅರ್ಥ ಕೇಳಿದೆ. "ನಮ್ಮ ಶೀಟಿನ ಮನೆಯೂ ಸೋರುತ್ತದೆ ಸಾರ್. ಆದರೆ ಈ ಪದದಲ್ಲಿರುವುದು ಒಳಗಿನ ಮನೆ" ಎಂದ. ನಾನು ಸುಮ್ಮನಾದೆ. 1889ರಲ್ಲಿ ತೀರಿಕೊಂಡ ಸಂತನ ಹೆಸರು ಅವನಿಗೆ ತಲುಪಿರಲಿಲ್ಲ, ಮಾತು ತಲುಪಿತ್ತು. ಎರಡರಲ್ಲಿ ಒಂದು ಮಾತ್ರ ತಲುಪುವುದಾದರೆ ಷರೀಫರು ಯಾವುದನ್ನು ಬಯಸುತ್ತಿದ್ದರು?

2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅಶ್ವಥ್ ತೀರಿಕೊಂಡರು. ವಿವಾದ ತೀರಲಿಲ್ಲ. ಕುವೆಂಪು ರಚಿಸಿದ ನಾಡಗೀತೆಗೆ ಅನಂತಸ್ವಾಮಿಯವರದೊಂದು ಧಾಟಿ, ಅಶ್ವಥ್ ಅವರದೊಂದು ಧಾಟಿ. ಎರಡಕ್ಕೂ ಅಭಿಮಾನಿ ಬಳಗ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಎರಡೂವರೆ ನಿಮಿಷದ ಮಿತಿ ಹಾಕಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲೇರಿದ ಅರ್ಜಿ 2024ರಲ್ಲಿ ವಜಾ ಆಯಿತು. ನಾಡಗೀತೆಗೆ ಒಂದು ಧಾಟಿ ಬೇಕು, ನಿಜ. ಶಾಲೆಯ ಮಕ್ಕಳು ಹೇಗೆ ಹಾಡಬೇಕೆಂಬುದನ್ನು ಆದೇಶ ನಿರ್ಧರಿಸಬಹುದು. ಕೇಳಿದವನ ಕಿವಿಯಲ್ಲಿ ಉಳಿದುದನ್ನು ಯಾವ ಆದೇಶವೂ ಅಳಿಸಲಾರದು.

ಅಶ್ವಥ್ ಅವರಿಂದ ನನಗೊಂದು ನಷ್ಟವೂ ಆಗಿದೆ, ಅದನ್ನು ಮುಚ್ಚಿಡಲಾರೆ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯನ್ನು ಚಿಕ್ಕಂದಿನಲ್ಲಿ ನಾನು ನನ್ನದೇ ದನಿಯಲ್ಲಿ ಓದಿಕೊಳ್ಳುತ್ತಿದ್ದೆ. ಈಗ ಪುಟ ತೆರೆದರೆ, ಕಣ್ಣು ಸಾಲನ್ನು ಮುಟ್ಟುವ ಮೊದಲೇ ಅವರ ಕಂಠ ಹಾಡತೊಡಗುತ್ತದೆ. ನನ್ನ ಆ ಮೊದಲ ಓದು ಮತ್ತೆ ಸಿಗದು. ಪೀಣ್ಯದ ಆ ಕೆಲಸಗಾರನಿಗೆ ಸಿಕ್ಕಿದ್ದರ ಬೆಲೆ ಇದೇ ಆದರೆ, ಅದನ್ನು ತೆತ್ತದ್ದಕ್ಕೆ ನನಗೆ ದುಃಖವಿಲ್ಲ.

(ಬಾನುಲಿ ಭಾಷಣ)